ಅಚ್ಚಿನೊಳಗಿನ ಉಸಿರು

"ಇನ್ನೊಂದ್ಸಲ ತಬ್ಕೊಳ್ಳಿ ಸಾರ್! ಸ್ವಲ್ಪ ಪ್ರೀತಿ ಕಾಣ್ಲಿ!"

ಫೋಟೋದವರು ಹಗ್ಗದಾಚೆಯಿಂದ ಕೂಗಿದರು. ಪ್ಲೈವುಡ್ಡಿನ ಹಡಗಿನ ಮೇಲೆ ಸರದಾರ ಎರಡೂ ತೋಳು ಚಾಚಿದ. ರಾಣಿ ನಗುತ್ತ ಆ ತೋಳಿನೊಳಗೆ ಬಂದಳು. ಕಣ್ಣಿಗೆ ಕರಿಪಟ್ಟಿ ಕಟ್ಟಿದ ಒಕ್ಕಣ್ಣ ಹಿಂದಿನಿಂದ ಇಬ್ಬರನ್ನೂ ತಬ್ಬಿಕೊಂಡ. ನಾಲ್ಕನೆಯವನು ಒಂದು ಹೆಜ್ಜೆ ದೂರ ನಿಂತು, ಕೈಯನ್ನು ಮಾತ್ರ ಸರದಾರನ ಹೆಗಲ ಮೇಲಿಟ್ಟ. ಅವನೇ ಗೂಬೆ.

ಕ್ಯಾಮೆರಾಗಳು ಮಿಂಚಿದವು. ಚಪ್ಪಾಳೆ ಬಿತ್ತು.

ಕ್ಯಾಮೆರಾಗಳು ಕೆಳಗಿಳಿದ ಕೂಡಲೇ ಸರದಾರ ರಾಣಿಯ ಬೆನ್ನಿನಿಂದ ಕೈ ತೆಗೆದು ತನ್ನ ತೊಡೆಗೆ ಒರೆಸಿಕೊಂಡ. ರಾಣಿ ಕೆನ್ನೆಗೆ ಕಾಗದ ಒತ್ತಿ, ಅದಕ್ಕೆ ಹತ್ತಿದ ಅವನ ಬಣ್ಣವನ್ನು ನೋಡಿ, ಮುದುರಿ ಎಸೆದಳು.

"ನಿನ್ನ ಹೊಟ್ಟೆ ಬೆಲ್ಟು ನನ್ನ ಪಕ್ಕೆಲುಬಿಗೆ ನಾಟ್ತು ಕಣೋ."

"ನಿನ್ನ ಸೆಂಟಿಗೆ ನನ್ನ ವಿಗ್ಗೇ ಎದ್ದು ಓಡ್ತಿತ್ತು."

"ಇಬ್ರೂ ಸುಮ್ನಿರಿ ಮಾರಾಯ್ರೆ," ಒಕ್ಕಣ್ಣ ಮೂಗು ಮುಚ್ಚಿಕೊಂಡ. "ಈ ರಬ್ಬರ್ ಗೂಬೆ ಪಕ್ಕ ನಿಂತಿದ್ದು ನಾನು. ಹಳೇ ಟೈರು ಸುಟ್ಟ ಹಾಗೆ ನಾರ್ತಾನೆ."

ರಬ್ಬರ್ ಗೂಬೆಯ ಗದ್ದದ ಕೆಳಗಿನ ಸೀಳಿನಿಂದ ಬೆವರು ತೊಟ್ಟಿಕ್ಕಿ ಹೊಸ ಕೋಟಿನ ಕಾಲರ್ ಒದ್ದೆಯಾಗಿತ್ತು. ಆ ಮುಖದ ಒಳಗಿದ್ದವನು ಯಾರೋ ಒಬ್ಬ ಡ್ಯೂಪು. ಕತ್ತಿ ಹಿಡಿದು ಕಂಬದಿಂದ ಹಾರುವುದು ಅವನ ಕೆಲಸ. ಇಂದು ಅವನು ಹಾರಬೇಕಾಗಿರಲಿಲ್ಲ, ಇನ್ನೊಬ್ಬನ ಮುಖ ಹೊತ್ತು ನಿಂತರೆ ಸಾಕಾಗಿತ್ತು.

ಲೈಟಿನ ವೈರುಗಳ ಸುರುಳಿಯ ಪಕ್ಕದಲ್ಲಿ ನಿಂತು ಇನ್ಸ್‌ಪೆಕ್ಟರಮ್ಮ ಇದೆಲ್ಲವನ್ನೂ ನೋಡುತ್ತಿದ್ದರು. ಅವರು ಪೊಲೀಸ್ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಸಮವಸ್ತ್ರ ಹೋದರೂ ಹೆಸರು ಅಂಟಿಕೊಂಡಿತ್ತು. ಕೆಲಸದಲ್ಲಿದ್ದಾಗ ಅವರು ಹೆಣಗಳನ್ನು ಕಂಡವರು, ಅವುಗಳ ಪಕ್ಕದಲ್ಲೇ ಕೂತು ಚಹಾ ಕುಡಿದವರು. ಈ ನಗು ಮುಖಗಳನ್ನು ನೋಡುತ್ತ ಕೈಯಲ್ಲಿದ್ದ ಚಹಾವನ್ನು ಕುಡಿಯದೆ ಕೆಳಗಿಟ್ಟರು.

'ಕಡಲ ಕತ್ತಿ' ಬಂದು ಹೋಗಿ ಇಪ್ಪತ್ತು ವರ್ಷಗಳಾದ ಮೇಲೆ ಅದರ ಎರಡನೇ ಭಾಗ ತಯಾರಾಗುತ್ತಿತ್ತು. ಗೇಟಿನಿಂದ ಹಿಡಿದು ಕಕ್ಕಸಿನ ಗೋಡೆಯವರೆಗೆ ಒಂದೇ ಪೋಸ್ಟರು: ಅದೇ ನಾಲ್ವರು, ಅದೇ ಹಡಗು! ನಾಲ್ವರಲ್ಲಿ ಒಬ್ಬ ಕಡಿಮೆಯಾದರೂ ಚಿತ್ರ ಬೇಡವೆಂದು ಥಿಯೇಟರಿನವರು ಖಂಡತುಂಡವಾಗಿ ಹೇಳಿದ್ದರು. ಹಡಗಿನ ಕಂಬದ ಮೇಲೆ ಕಾವಲು ಕೂತು, ಎದುರಿಗೆ ಬಂದ ಶತ್ರುವೊಬ್ಬನನ್ನು ಬಿಟ್ಟು ಜಗತ್ತನ್ನೆಲ್ಲ ನೋಡುತ್ತಿದ್ದ ಹಾಸ್ಯದ ಗೂಬೆಯಿಲ್ಲದೆ ಆ ಹಡಗು ಮುಂದೆ ಹೋಗುವಂತಿರಲಿಲ್ಲ. ಆದರೆ ಆ ಗೂಬೆಯ ಪಾತ್ರ ಮಾಡಿದವನನ್ನು ಐದು ತಿಂಗಳಿಂದ ಯಾರೂ ಕಂಡಿರಲಿಲ್ಲ.

ಅದಕ್ಕೇ ಅವನ ಮಗಳು ಇನ್ಸ್‌ಪೆಕ್ಟರಮ್ಮನನ್ನು ಕರೆಸಿದ್ದಳು.

ಅವಳು ಈಗ ಉಡುಪಿನ ಕೋಣೆಯ ಹಿಂದೆ ಕೊಳಾಯಿ ಹಿಡಿದು ಬಗ್ಗಿ ನಿಂತಿದ್ದಳು. ಅದೇ ಕೋಣೆಯಲ್ಲಿ ಅವಳಿಗೆ ಹೊಲಿಗೆಯ ಕೆಲಸ. ಸ್ಟುಡಿಯೋದವರೆಲ್ಲ ಅವಳನ್ನು ಮರಿಗೂಬೆ ಅನ್ನುತ್ತಿದ್ದರು. ಮೊದಲು ಹಾಗೆ ಕರೆದದ್ದು ಅವಳ ಅಪ್ಪನೇ.

"ವಾಂತಿ ಆಯ್ತಾ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಬರ್ತಾನೇ ಇಲ್ಲ ಮೇಡಂ. ಬಂದ್ರೆ ಪುಣ್ಯ."

"ಮುಖಕ್ಕೆ ನೀರು ಹಾಕ್ಕೋ."

"ಹೋಗ್ತಾ ಆ ಡ್ಯೂಪು ನನ್ನ ಕಡೆ ತಿರುಗಿ ನೋಡ್ದ. ಅಪ್ಪನ ಮುಖ, ಒಳಗೆ ಯಾರದ್ದೋ ಕಣ್ಣು." ಅವಳು ಮತ್ತೆ ಬಗ್ಗಿದಳು. ಏನೂ ಬರಲಿಲ್ಲ.

"ಆ ಮುಖದಲ್ಲಿ ಏನೋ ಸರಿ ಇಲ್ಲ ಅಂದಿದ್ಯಲ್ಲ, ಏನದು?"

"ಕೆನ್ನೆ." ಮರಿಗೂಬೆ ತನ್ನ ಕೆನ್ನೆಗಳನ್ನೇ ಹಿಡಿದು ಕೆಳಕ್ಕೆ ಎಳೆದು ತೋರಿಸಿದಳು. "ಅಪ್ಪನ ಕೆನ್ನೆ ಎರಡೂ ಚೀಲದ ಥರ ಜೋತು ಬಿದ್ದಿತ್ತು. ಅದನ್ನ ಅಲ್ಲಾಡಿಸಿಯೇ ಅವನು ಅನ್ನ ದುಡಿದದ್ದು. ಈ ರಬ್ಬರಿನಲ್ಲಿ ಅದು ಎಲ್ಲಿದೆ ಹೇಳಿ? ಕಿವಿ ಕಡೆ ಓಡಿಹೋಗಿದೆ."

"ವಯಸ್ಸು ಕಡಿಮೆ ಕಾಣ್ಲಿ ಅಂತ ಮಾಡಿರಬಹುದು."

"ಹಣೆ ಸುಕ್ಕು ಹಾಗೇ ಇದೆ. ಕಣ್ಣಿನ ಕೆಳಗಿನ ಗುಂಡಿ ಹಾಗೇ ಇದೆ. ಕೆನ್ನೆಗೆ ಮಾತ್ರ ವಯಸ್ಸು ಕಡಿಮೆ ಆಗುತ್ತಾ?"

ಈ ಹುಡುಗಿ ನೋಡಿದ್ದನ್ನು ಸರಿಯಾಗಿಯೇ ನೋಡುತ್ತಾಳೆ ಎಂದು ಇನ್ಸ್‌ಪೆಕ್ಟರಮ್ಮ ಅಂದುಕೊಂಡರು.

"ನಿಮ್ಮಮ್ಮ ಏನಂತಾರೆ?"

"ನನಗೆ ತಲೆ ಕೆಟ್ಟಿದೆ ಅಂತಾಳೆ. ಅಪ್ಪ ಯಾವುದೋ ಬೆಟ್ಟದ ಮೇಲೆ ಆರಾಮ ತಗೋತಿದ್ದಾನಂತೆ, ಶೂಟಿಂಗ್ ಕೊನೆಗೆ ಬರ್ತಾನಂತೆ. ಪ್ರತಿ ವಾರ ಫೋನ್ ಬರುತ್ತೆ. ಅಮ್ಮ ಒಳಗಿನ ಕೋಣೆಗೆ ಹೋಗಿ ಬಾಗ್ಲು ಹಾಕ್ಕೊಂಡು ಮಾತಾಡ್ತಾಳೆ. ನನಗೂ ಕೊಡು ಅಂದ್ರೆ, ಅಯ್ಯೋ ಈಗಷ್ಟೇ ಇಟ್ಟುಬಿಟ್ರು ಕಣೇ ಅಂತಾಳೆ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನನಗೆ ಇನ್ನೇನೂ ಬೇಡ ಮೇಡಂ. ಅಪ್ಪ ಇದ್ದಾನಾ, ಇಲ್ವಾ? ಇಲ್ಲ ಅಂದ್ರೆ ಅತ್ತು ಮುಗಿಸ್ತೀನಿ. ಈ ಅತ್ಲಾಗೂ ಅಲ್ಲ ಇತ್ಲಾಗೂ ಅಲ್ಲ ಅನ್ನೋದನ್ನ ಮಾತ್ರ ತಡೆಯೋಕಾಗ್ತಿಲ್ಲ."

"ಹೇಳ್ತೀನಿ," ಅಂದರು ಇನ್ಸ್‌ಪೆಕ್ಟರಮ್ಮ. "ಸುಳ್ಳು ಹೇಳಲ್ಲ."

*

ಸರದಾರ ತನ್ನ ಕೋಣೆಯಲ್ಲಿ ಕನ್ನಡಿಯ ಮುಂದೆ ಕೂತಿದ್ದ. ಕಿವಿಯ ಹಿಂದಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ. ಮುಖದ ಚರ್ಮವನ್ನು ಮೇಲಕ್ಕೆ ಎಳೆದು ವಿಗ್ಗಿನೊಳಗೆ ಕಟ್ಟಿಡುವ ಸಣ್ಣ ಪಟ್ಟಿಗಳವು. ಒಂದು ಬಿಚ್ಚಿದಾಗ ಎಡಗೆನ್ನೆ ಜಾರಿತು. ಬಲಗೆನ್ನೆ ಇನ್ನೂ ಇಪ್ಪತ್ತು ವರ್ಷ ಹಿಂದೆಯೇ ಇತ್ತು.

"ಬನ್ನಿ ಬನ್ನಿ. ಗೂಬೆ ವಿಷಯ ತಾನೆ? ಪಾಪ, ನನಗೆ ತಮ್ಮ ಇದ್ದ ಹಾಗೆ ಅವನು."

"ತಮ್ಮನನ್ನ ಕೊನೆಗೆ ನೋಡಿದ್ದು ಯಾವಾಗ?"

"ಮೇಕಪ್ ಟೆಸ್ಟಿಗೆ ಬಂದಿದ್ನಲ್ಲ, ಅವತ್ತೇ. ಸ್ಟುಡಿಯೋ ಹಿಂದಿನ ಹಳೇ ಕೋಣೇಲಿ."

"ಹೇಗಿದ್ದ?"

"ಮಲಗಿದ್ದ."

ಹೇಳಿದ ಮೇಲೆ ಅವನ ಕೈ ಪಟ್ಟಿಯ ಮೇಲೆಯೇ ನಿಂತಿತು. ಕನ್ನಡಿಯಲ್ಲಿ ಅವನು ಇನ್ಸ್‌ಪೆಕ್ಟರಮ್ಮನ ಕಣ್ಣನ್ನು ಹುಡುಕಿದ.

"ಅಂದ್ರೆ, ಸುಸ್ತಾಗಿದ್ದ ಅಂತ. ನಿದ್ದೆ ಬಂದಿತ್ತು. ಮಲಗೋದೂ ತಪ್ಪಾ?"

"ನಾನು ತಪ್ಪು ಅನ್ನಲೇ ಇಲ್ವಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಇವನು ಅಂದುಕೊಂಡು ಅವರು ಎದ್ದರು. ಸರದಾರ ಹಿಂದಿನಿಂದ ಗಟ್ಟಿಯಾಗಿ ನಕ್ಕ. ಪರದೆಯ ಮೇಲೆ ಶತ್ರುವಿನ ಎದೆಗೆ ಕತ್ತಿ ಇಟ್ಟು ನಗುತ್ತಿದ್ದ ಅದೇ ನಗು. ಈಗ ಅದರ ಕೊನೆಗೆ ಕೆಮ್ಮು ಸೇರಿತ್ತು. ಕೆಮ್ಮಿ ಉಗಿದದ್ದು ಕನ್ನಡಿಯ ಕೆಳಗಿನ ಬುಟ್ಟಿಗೆ ಬಿತ್ತು.

*

ಮೇಕಪ್ ಕೋಣೆಯಲ್ಲಿ ಅಂಟು, ಬೆವರು, ಬಾಡಿದ ಹೂವಿನಂಥ ಪೌಡರಿನ ವಾಸನೆ ಒಂದರ ಮೇಲೊಂದು ಕೂತಿತ್ತು. ಮಾಮ ಒಬ್ಬನೇ ಇದ್ದ. ವಯಸ್ಸಾದ ಮೇಕಪ್‌ನವನು. ನಾಯಕನಿಂದ ಹಿಡಿದು ನೆಲ ಗುಡಿಸುವವಳವರೆಗೆ ಎಲ್ಲರಿಗೂ ಮಾಮನೇ. ಮೊದಲ 'ಕಡಲ ಕತ್ತಿ'ಯ ನಾಲ್ಕೂ ಮುಖಗಳು ಅವನ ಕೈಯಲ್ಲೇ ಹುಟ್ಟಿದ್ದವು.

ಅವನ ತೊಡೆಯ ಮೇಲೆ ಗೂಬೆಯ ರಬ್ಬರ್ ಮುಖ ಬೋರಲಾಗಿ ಬಿದ್ದಿತ್ತು. ಡ್ಯೂಪು ಬಿಚ್ಚಿಟ್ಟು ಹೋಗಿದ್ದ. ಮಾಮ ಅದರ ಒಳಗೆ ಹತ್ತಿ ಹಾಕಿ ಒರೆಸುತ್ತಿದ್ದ. ಹತ್ತಿ ಹಳದಿಯಾಗಿ ಹೊರಗೆ ಬರುತ್ತಿತ್ತು. ತುಟಿಯ ಜಾಗದಲ್ಲಿ ಒಳಗಡೆ ಎಂಜಲು ಒಣಗಿತ್ತು. ಅದನ್ನು ಉಗುರಿನಿಂದ ಕೆರೆದ.

"ನೋಡ್ಬೇಡಿ ತಾಯಿ, ಊಟ ಸೇರಲ್ಲ," ಅಂದ.

"ಊಟ ಆಗ್ಲೇ ಸೇರಲ್ಲ ಅಂದಿದೆ. ಮಾಮ, ನನ್ನದೊಂದು ಮುಖದ ಅಚ್ಚು ತೆಗೀತೀರಾ?"

"ನಿಮ್ದಾ?" ಅವನು ಬೊಚ್ಚು ಬಾಯಲ್ಲಿ ನಕ್ಕ. "ಯಾವ ಪಾರ್ಟು ನಿಮಗೆ? ರಾಣಿಯಮ್ಮನ ಅತ್ತೆಯಾ?"

"ಕೊಟ್ರೆ ಮಾಡ್ತೀನಿ. ಹೇಗೆ ತೆಗೆಯೋದು, ಮೊದ್ಲು ಅದನ್ನ ಹೇಳಿ. ಭಯ ಆಗುತ್ತೆ."

ಕೆಲಸದ ಮಾತು ಬಂದರೆ ಮಾಮನಿಗೆ ಎಲ್ಲ ಮರೆಯುತ್ತಿತ್ತು. ರಬ್ಬರ್ ಮುಖವನ್ನು ಪಕ್ಕಕ್ಕಿಟ್ಟು ಕುರ್ಚಿ ಎಳೆದ. "ಭಯ ಎಂಥದ್ದು? ಹೀಗೆ ಕೂರಿಸ್ತೀನಿ, ನೆಟ್ಟಗೆ. ಹುಬ್ಬಿಗೆ, ರೆಪ್ಪೆಗೆ ಜಿಡ್ಡು ಸವರ್ತೀನಿ. ಆಮೇಲೆ ತಣ್ಣಗೆ ಪ್ಲಾಸ್ಟರ್. ಗಟ್ಟಿಯಾಗ್ತಾ ಆಗ್ತಾ ಬೆಚ್ಚಗಾಗುತ್ತೆ. ಕೆಲವ್ರಿಗೆ ನಿದ್ದೇನೇ ಬಂದುಬಿಡುತ್ತೆ."

"ನನಗೆ ಸೊಂಟ ನೋವು. ಮಲಗಿಕೊಂಡ್ರೆ ಆಗಲ್ವಾ?"

"ಛೆ ಛೆ, ಮಲಗಬಾರ್ದು. ಮಲಗಿದ್ರೆ ಮಾಂಸ ಹಿಂದಕ್ಕೆ ಜಾರುತ್ತೆ. ಕೆನ್ನೆ ಹೋಗಿ ಕಿವಿ ಹತ್ರ..."

ಮಾಮ ಅಲ್ಲಿಗೇ ನಿಲ್ಲಿಸಿದ.

ಇಬ್ಬರೂ ಒಟ್ಟಿಗೆ ಆ ರಬ್ಬರ್ ಮುಖದ ಕಡೆ ನೋಡಿದರು.

"ಗೂಬೆ ಮಲಗಿದ್ದನಾ ಮಾಮ?"

"ಸುಸ್ತಾಗಿದ್ದ. ನಿದ್ದೆ ಬಂದಿತ್ತು."

"ಸರದಾರನೂ ಇದನ್ನೇ ಹೇಳ್ದ. ಒಂದಕ್ಷರ ಆಚೀಚೆ ಇಲ್ಲ. ಇಬ್ರಿಗೂ ಒಬ್ರೇ ಪಾಠ ಹೇಳಿಕೊಟ್ರಾ?"

ಮಾಮ ಹತ್ತಿ ಎತ್ತಿಕೊಂಡ. ಒರೆಸಲು ಏನೂ ಉಳಿದಿರಲಿಲ್ಲ. ಸುಮ್ಮನೆ ಮೇಜು ಒರೆಸಿದ.

ಇನ್ಸ್‌ಪೆಕ್ಟರಮ್ಮ ಗೋಡೆಯ ಹಲಗೆಯ ಹತ್ತಿರ ಹೋದರು. ಅಲ್ಲಿ ಬಿಳಿ ಅಚ್ಚುಗಳು ಬೋಗುಣಿಗಳಂತೆ ಸಾಲಾಗಿ ಕೂತಿದ್ದವು. ಹೊರಗೆ ಒರಟು ಪ್ಲಾಸ್ಟರ್, ಒಳಗೆ ತಿರುವುಮುರುವಾದ ಒಂದೊಂದು ಮುಖ. ಅವರು ಸರದಾರನ ಅಚ್ಚನ್ನು ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದರು. ಮೂಗಿನ ಜಾಗದಲ್ಲಿ ಎರಡು ತೂತು, ಎರಡು ಬೆಳಕಿನ ಚುಕ್ಕೆ. ರಾಣಿಯದ್ದನ್ನು ಹಿಡಿದರು. ಅಲ್ಲೂ ಎರಡು ಚುಕ್ಕೆ. ಒಕ್ಕಣ್ಣನದ್ದರಲ್ಲೂ ಹಾಗೆಯೇ.

"ಇದು ಯಾಕೆ ಮಾಮ?"

"ಉಸಿರಾಡೋಕೆ," ಅಂದ ಅವನು. ಸ್ವರ ಕುಗ್ಗಿತ್ತು. "ಬಾಯಿ ಮುಚ್ಚಿರುತ್ತಲ್ಲ. ಮೂಗು ಬಿಟ್ಟೇ ಪ್ಲಾಸ್ಟರ್ ಹಾಕೋದು. ಆ ಜಾಗ ಆಮೇಲೆ ನಾವೇ ಕೆತ್ತಿ ಸರಿ ಮಾಡ್ಕೋತೀವಿ."

ಇನ್ಸ್‌ಪೆಕ್ಟರಮ್ಮ ಹಲಗೆಯ ಮೂಲೆಗೆ ಕೈ ಹಾಕಿದರು. ಬಟ್ಟೆ ಸುತ್ತಿಟ್ಟಿದ್ದ ಒಂದು ಅಚ್ಚು ಅಲ್ಲಿತ್ತು. ಬಟ್ಟೆ ಬಿಚ್ಚಿ ಅದನ್ನೂ ಬಿಸಿಲಿಗೆ ಹಿಡಿದರು.

ಚುಕ್ಕೆ ಇರಲಿಲ್ಲ. ಬಿಸಿಲು ಆ ಕಡೆಯೇ ನಿಂತಿತು.

"ಗೂಬೆ ಹೇಗೆ ಉಸಿರಾಡ್ದ?"

ಮಾಮ ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ಸಹಾಯಕ ನಿರ್ದೇಶಕ ತಲೆ ಮಾತ್ರ ಒಳಗೆ ಹಾಕಿದ.

"ಮಾಮ, ಮುಖ ಕೊಡು ಬೇಗ! ಗೂಬೆ ಸಾರ್ ಮನೆಯವರು ಬಂದ್ರು. ಗಂಡ ಹೆಂಡ್ತಿ ಫೋಟೋ ಇದೆ. ಪ್ರೊಡ್ಯೂಸರ್ ಕುಣೀತಿದ್ದಾರೆ."

ರಬ್ಬರ್ ಮುಖವನ್ನು ಕೂದಲು ಹಿಡಿದು ಎತ್ತಿಕೊಂಡು ಅವನು ಓಡಿದ. ಬಾಗಿಲು ಮುಚ್ಚಲಿಲ್ಲ. ಅಲ್ಲಿ ಮರಿಗೂಬೆ ನಿಂತಿದ್ದಳು. ಡ್ಯೂಪಿಗೆ ಬದಲಾಯಿಸಲು ತಂದ ಒಣ ಕೋಟು ತೋಳಿನ ಮೇಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು.

ಅವಳ ಕಣ್ಣು ಅಚ್ಚಿನ ಮೇಲಿತ್ತು.

"ಅಂದ್ರೆ, ಇಲ್ಲ," ಅಂದಳು.

ಇನ್ಸ್‌ಪೆಕ್ಟರಮ್ಮ ಮಾತು ಕೊಟ್ಟಿದ್ದರು. "ಇಲ್ಲ ಅಂತಲೇ ಕಾಣುತ್ತೆ ಮಗಳೇ."

ಅವಳು ಅಳಲಿಲ್ಲ. ಒಳಗೆ ಬಂದು ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಈಗ ಮಾಮ ಹೊರಗೆ ಹೋಗುವಂತಿರಲಿಲ್ಲ.

"ಹೇಳು ಮಾಮ. ಮರಿಗೂಬೆ ಮರಿಗೂಬೆ ಅಂತ ಐದು ತಿಂಗಳಿಂದ ನನ್ನ ತಲೆ ಸವರ್ತಾ ಇದ್ಯಲ್ಲ, ಅದೇ ಕೈಯಲ್ಲಿ ಏನು ಮಾಡ್ದೆ ಹೇಳು."

ಮಾಮನ ಮುಖ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತು.

"ನಾನು ಹೋಗೋ ಹೊತ್ತಿಗೆ ಹೋಗಿಬಿಟ್ಟಿದ್ದ ಪುಟ್ಟಾ. ಅದೇ ಹಳೇ ಕೋಣೇಲಿ, ಮಂಚದ ಮೇಲೆ. ಎದೆ ನೋವು ಅಂದನಂತೆ, ಬಿದ್ದನಂತೆ. ಡಾಕ್ಟ್ರು ಬಂದು ನೋಡಿ ಹೋದ್ರು ಅಂತ ಪ್ರೊಡ್ಯೂಸರ್ ಹೇಳಿದ್ರು. ತಣ್ಣಗಾಗೋ ಮುಂಚೆ ಮುಖ ತೆಗೆದುಬಿಡು ಮಾಮ, ಚಿತ್ರ ಉಳಿಯುತ್ತೆ, ಮನೆಯವರೂ ಒಪ್ಪಿದ್ದಾರೆ ಅಂದ್ರು."

"ನೀನು ತೆಗೆದೆ."

"ತೆಗೆದೆ." ಅವನು ತನ್ನ ಕೈಗಳನ್ನು ನೋಡಿಕೊಂಡ. "ಆ ಮುಖ ನಾನು ಮಾಡಿದ್ದು. ಸುಮ್ನೆ ಮಣ್ಣಾಗೋದು ಬೇಡ ಅನ್ನಿಸ್ತು."

"ಥೂ," ಅಂದಳು ಮರಿಗೂಬೆ. ಅವಳ ಬಾಯಿಂದ ಆ ಶಬ್ದ ಯಾರೂ ಕೇಳಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ಅಷ್ಟು ಹೊತ್ತೂ ಅಚ್ಚಿನ ಒಳಭಾಗವನ್ನೇ ನೋಡುತ್ತಿದ್ದರು. ಮೂಗಿನ ಜಾಗದಲ್ಲಿ ಪ್ಲಾಸ್ಟರಿನ ಎರಡು ಸಣ್ಣ ಕೊಂಬುಗಳು ಎದ್ದಿದ್ದವು. ಒಂದು ಮೊಂಡು. ಇನ್ನೊಂದು ಕಿರುಬೆರಳಿನಷ್ಟು ಉದ್ದ, ತುದಿಯಲ್ಲಿ ಬಾಗಿ ನೂಲಿನ ಹಾಗೆ ಸಣ್ಣಗಾಗಿತ್ತು. ಅದರ ಮೈಗೆ ಬಿಳಿಯ ಒಂದೆರಡು ಕೂದಲು ಅಂಟಿದ್ದವು, ತುದಿಗೆ ಕಂದು ಕಲೆ.

ಅವರಿಗೆ ಅಚ್ಚನ್ನು ಕೆಳಗಿಡಬೇಕು, ಕೈ ತೊಳೆದುಕೊಳ್ಳಬೇಕು ಅನ್ನಿಸಿತು. ಇಡಲಿಲ್ಲ.

"ಮಾಮ, ಕೆಸರಲ್ಲಿ ಸಿಕ್ಕಿದ ಹೆಣ ನಾನು ಬಹಳ ನೋಡಿದ್ದೀನಿ," ಅಂದರು. "ಸತ್ತ ಮೇಲೆ ತಂದು ಹಾಕಿದ್ರೆ ಕೆಸರು ಮೂಗಿನ ಬಾಗಿಲಲ್ಲೇ ನಿಲ್ಲುತ್ತೆ. ಬದುಕಿದ್ದಾಗ ಹಾಕಿದ್ರೆ ಒಳಗೆ ಹೋಗುತ್ತೆ. ಉಸಿರು ಅದನ್ನ ಎಳ್ಕೊಳ್ಳುತ್ತೆ."

"ಹೌದು... ಅದಕ್ಕೆ?"

ಅವರು ಅಚ್ಚನ್ನು ಅವನ ತೊಡೆಯ ಮೇಲಿಟ್ಟು ಆ ಉದ್ದನೆಯ ಕೊಂಬನ್ನು ತೋರಿಸಿದರು.

"ಇಷ್ಟು ಒಳಗೆ ಎಳ್ಕೊಂಡಿದ್ದು ಯಾರು?"

ಮಾಮನಿಗೆ ಕೂಡಲೇ ಅರ್ಥವಾಗಲಿಲ್ಲ. ಕೊಂಬನ್ನು ನೋಡಿದ. ಬೆರಳು ತಾಗಿಸಿದ. ಆಮೇಲೆ ಬಿಸಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡ. ಪಕ್ಕಕ್ಕೆ ಬಾಗಿ, ವಿಗ್ಗುಗಳ ಬುಟ್ಟಿಯೊಳಗೇ ವಾಂತಿ ಮಾಡಿಕೊಂಡ.

"ಬದುಕಿದ್ನಾ?" ಮರಿಗೂಬೆಯ ಸ್ವರ ಏರಿತು. "ಬದುಕಿದ್ನಾ ಅವನು? ನೀನೇ ಮುಚ್ಚಿ ಸಾಯಿಸಿದ್ಯಾ?"

"ಇಲ್ಲ! ಇಲ್ಲ ಪುಟ್ಟಾ!" ಮಾಮ ಬಾಯಿ ಒರೆಸಿಕೊಳ್ಳುವುದನ್ನೂ ಮರೆತ. "ಮೂಗು ನಾನು ಮುಚ್ಚಲಿಲ್ಲ. ಈ ಕೈಗೆ ಅದು ಬರಲ್ಲ. ಸತ್ತಿದ್ದಾನೆ ಅಂತ ಗೊತ್ತಿದ್ರೂ ಬೆರಳು ತಾನಾಗಿ ಆ ಜಾಗ ಬಿಟ್ಕೊಂಡೇ ಹೋಯ್ತು. ಪ್ರೊಡ್ಯೂಸರ್ ನಕ್ರು ಕೂಡ. ಹೆಣಕ್ಕೂ ಗಾಳಿ ಬಿಡ್ತೀಯಾ ಮಾಮ ಅಂತ ನಕ್ರು!"

"ಹಾಗಾದ್ರೆ ಮುಚ್ಚಿದ್ದು ಯಾರು?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಪ್ಲಾಸ್ಟರ್ ಸಾಲಲಿಲ್ಲ. ಇನ್ನೊಂದು ಬೋಗುಣಿ ಕಲಸೋಕೆ ಕೊಳಾಯಿಗೆ ಹೋದೆ. ಬಂದು ನೋಡಿದ್ರೆ ಮೂಗು ಮುಚ್ಚಿತ್ತು. ಮೊದಲಿನ ಬೋಗುಣಿಯ ತಳದಲ್ಲಿ ಉಳಿದಿದ್ದನ್ನ ಬಳಿದು ಯಾರೋ ಹಾಕಿದ್ರು. ಹೇಗೂ ಸತ್ತವನು, ಹೋಗ್ಲಿ ಅಂತ ನಾನೂ ಸುಮ್ನಾದೆ." ಅವನು ತಲೆ ಚಚ್ಚಿಕೊಂಡ. "ಸುಮ್ನಾದೆ ತಾಯಿ!"

ಇನ್ಸ್‌ಪೆಕ್ಟರಮ್ಮ ಅಚ್ಚನ್ನು ಬೋರಲು ಹಾಕಿದರು. ಹೊರಮೈಯ ತುಂಬ ಮಾಮನ ಅಗಲ ಬೆರಳುಗಳು ಎಳೆದ ಗೆರೆಗಳು. ಮೂಗಿನ ಮೇಲೆ ಮಾತ್ರ ಬೇರೆ ಕೈ. ಸಣ್ಣ ಸಣ್ಣ ಗುಳಿಗಳು, ಒಂದೊಂದು ಗುಳಿಯ ತುದಿಗೆ ಉಗುರಿನ ಗೀರು. ಸವರಿದ ಗುರುತು ಒಂದೂ ಇರಲಿಲ್ಲ. ಒತ್ತಿ ಹಿಡಿದ ಬೆರಳುಗಳವು. ಬಹಳ ಹೊತ್ತು ಹಿಡಿದದ್ದಕ್ಕೆ ಗುಳಿಯ ಅಂಚು ಚೂಪಾಗಿ ಗಟ್ಟಿಯಾಗಿತ್ತು.

"ಹೆಂಗಸಿನ ಕೈ," ಅಂದರು.

ಮಾಮ ನೆಲ ನೋಡಿದ.

"ಮೂಗು ಹಿಡಿದ್ರೆ ಬಾಯಿ ತಾನೇ ಬಿಡುತ್ತೆ ಅಂತಾರೆ. ಈ ಮೂಗು ಹಿಡಿದದ್ದು ಯಾರು ಅಂತ ನೀವೇ ಬಾಯಿ ಬಿಡಿ ಮಾಮ. ರಾಣಿನಾ?"

"ರಾಣಿಯಮ್ಮ ಆ ದಿನ ಊರಲ್ಲೇ ಇರ್ಲಿಲ್ಲ."

"ಮತ್ತೆ?"

"ಪ್ರೊಡ್ಯೂಸರೂ ಸರದಾರನೂ ಹೊರಗೆ ಸಿಗರೇಟು ಸೇದ್ತಾ ನಿಂತಿದ್ರು. ನಾನೇ ಅವರನ್ನ ದಾಟ್ಕೊಂಡು ಕೊಳಾಯಿಗೆ ಹೋಗಿದ್ದು. ಒಳಗೆ ಇದ್ದಿದ್ದು ಒಬ್ಳೇ. ಮಂಚದ ಪಕ್ಕ ಕೂತು ಅಳ್ತಾ ಇದ್ಳು. ಅದಕ್ಕೇ ನಾನು ಅನುಮಾನ ಪಡಲಿಲ್ಲ. ಹೆಂಡ್ತಿ ಅಳೋದನ್ನ ನೋಡಿ ಯಾರಾದ್ರೂ..."

ಅವನು ಕೈಯಿಂದ ಬಾಯಿ ಮುಚ್ಚಿಕೊಂಡ. ತಡವಾಗಿತ್ತು.

ಮರಿಗೂಬೆ ಬಾಗಿಲಿನಿಂದ ಬೆನ್ನು ತೆಗೆದಳು. ಕೋಟನ್ನು ಮಡಚಿ ಕುರ್ಚಿಯ ಮೇಲಿಟ್ಟಳು. ತೋಳಿನ ಮೇಲೆ ತೋಳು, ಕಾಲರ್ ಒಳಗೆ. ದಿನವೂ ಮಡಚುವಂತೆಯೇ ಮಡಚಿದಳು.

"ನಿಲ್ಲು," ಅಂದರು ಇನ್ಸ್‌ಪೆಕ್ಟರಮ್ಮ. "ಈಗ್ಲೇ ಬೇಡ. ಅವರಿಗೆ ಗೊತ್ತಾದ್ರೆ..."

ಅವಳು ಆಗಲೇ ಹೋಗಿದ್ದಳು.

"ಹೆಣ ಎಲ್ಲಿಗೆ ಹೋಯ್ತು ಮಾಮ?"

"ಗೊತ್ತಿಲ್ಲ ತಾಯಿ, ನನ್ನಾಣೆ. ಅಚ್ಚು ಬಿಡಿಸಿದ ಕೂಡ್ಲೇ ಹೊರಗೆ ಹೋಗು ಅಂದ್ರು. ನಾನು ತಿರುಗಿ ಕೂಡ ನೋಡ್ಲಿಲ್ಲ."

ಇನ್ಸ್‌ಪೆಕ್ಟರಮ್ಮ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಓಡಿದರು.

ಹಡಗಿನ ಮೇಲೆ ದೀಪಗಳೆಲ್ಲ ಉರಿಯುತ್ತಿದ್ದವು. ಹಗ್ಗದಾಚೆ ಫೋಟೋದವರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಹೊಸ ಸೀರೆ ಉಟ್ಟ ಒಬ್ಬ ಹೆಂಗಸು ರಬ್ಬರ್ ಗೂಬೆಯ ಸೊಂಟ ಬಳಸಿ ನಿಂತಿದ್ದಳು. ಒಂದು ಕೈಯಿಂದ ಅವನ ಕಾಲರ್ ಸರಿ ಮಾಡಿದಳು. ಆ ರಬ್ಬರ್ ಕೆನ್ನೆಗೆ ತನ್ನ ಕೆನ್ನೆ ಒತ್ತಿದಳು. ಕಣ್ಣಲ್ಲಿ ನೀರೂ ಇತ್ತು.

"ಅಯ್ಯೋ, ಎಂಥಾ ಜೋಡಿ!" ಹಗ್ಗದ ಹತ್ತಿರ ಯಾರೋ ಅಂದರು. ಪ್ರೊಡ್ಯೂಸರ್ ಕರವಸ್ತ್ರದಿಂದ ಕಣ್ಣು ಒತ್ತಿಕೊಂಡ. ಸರದಾರ, ಪಟ್ಟಿಗಳನ್ನು ಮತ್ತೆ ಬಿಗಿದುಕೊಂಡು ಬಂದವನು, ಮೊದಲು ಚಪ್ಪಾಳೆ ತಟ್ಟಿದ.

ಮರಿಗೂಬೆ ಮೆಟ್ಟಿಲು ಹತ್ತಿ ಅಮ್ಮನ ಎದುರು ನಿಂತಳು. ಇನ್ಸ್‌ಪೆಕ್ಟರಮ್ಮ ಹಿಂದೆಯೇ ಹತ್ತಿದರು. ಹುಡುಗಿ ಕಿರುಚುತ್ತಾಳೆ, ರಬ್ಬರನ್ನು ಕಿತ್ತು ಎಸೆಯುತ್ತಾಳೆ ಅಂದುಕೊಂಡಿದ್ದರು.

ಅವಳು ಮೆಲ್ಲಗೆ, ಅಮ್ಮನಿಗೆ ಮಾತ್ರ ಕೇಳುವಂತೆ ಕೇಳಿದಳು.

"ಅಮ್ಮ, ಅಪ್ಪನ ಮೂಗು ಎಷ್ಟು ಹೊತ್ತು ಹಿಡ್ಕೊಂಡಿದ್ದೆ?"

ಅಮ್ಮನ ಮುಖದಲ್ಲಿ ಏನೂ ಕದಲಲಿಲ್ಲ. ಮಗಳ ಹೆಗಲಾಚೆ ನೋಡಿದಳು. ಇನ್ಸ್‌ಪೆಕ್ಟರಮ್ಮನ ತೋಳಿನಲ್ಲಿದ್ದ ಬಟ್ಟೆಯ ಗಂಟು ಕಂಡಿತು. ಒಂದು ಕ್ಷಣ ಅವಳ ಬೆರಳುಗಳು ಗೂಬೆಯ ಸೊಂಟದ ಮೇಲೆ ಬಿಗಿಯಾದವು. ಆಮೇಲೆ ಆ ಕೈಯನ್ನೇ ತೆಗೆದು ಮಗಳ ಮಣಿಕಟ್ಟು ಹಿಡಿದು ಪಕ್ಕಕ್ಕೆಳೆದುಕೊಂಡಳು.

"ಅಪ್ಪ ಮಗಳು ಇನ್ನೂ ಸ್ವಲ್ಪ ಹತ್ರ ಬನ್ನಿ!" ಕೆಳಗಿನಿಂದ ಕೂಗು ಬಂತು.

ರಬ್ಬರ್ ಗೂಬೆಯ ಬೆವರಿನಿಂದ ತೊಯ್ದ ಕೈ ಮರಿಗೂಬೆಯ ಹೆಗಲ ಮೇಲೆ ಬಂದು ಕೂತಿತು. ಅವಳ ಮೈ ಮುದುಡಿತು. ಅಮ್ಮ ಹಿಡಿತ ಬಿಡಲಿಲ್ಲ. ಕ್ಯಾಮೆರಾಗಳ ಕಡೆ ನೋಡುತ್ತ, ತುಟಿ ಅಲುಗದ ಹಾಗೆ ಅಂದಳು:

"ಆ ಮಾಮನಿಗೆ ಗೊತ್ತಿರೋದು ಅರ್ಧ. ಆಮೇಲೆ ಅಪ್ಪನ್ನ ಎಲ್ಲಿಗೆ ಸಾಗಿಸಿದ್ರು ಅನ್ನೋ ಉಳಿದರ್ಧ ನನ್ನನ್ನ ಕೇಳಬೇಡ, ಹೆಗಲ ಮೇಲೆ ಕೈ ಇಟ್ಟಿದ್ದಾನಲ್ಲ, ಹೊತ್ಕೊಂಡು ಹೋದವನು, ಅವನನ್ನ ಕೇಳು. ಮೊದ್ಲು ನಗು."